ನಡಿಗೆಯನ್ನು ಮರಳಿ ಕಲಿಸುವ ಮಿಥ್ಯಾಬಿಂಬ

ಈ ಲೇಖನವನ್ನು ಓದುವ ಮೊದಲು ಒಂದು ಪುಟ್ಟ ಪ್ರಯೋಗ ಮಾಡಿ. ಗೋಡೆಯ ಪಕ್ಕದಲ್ಲಿ ನಿಂತು ಒಂದು ಕಾಲನ್ನು ಮೇಲೆತ್ತಿ. ಎಷ್ಟು ಸೆಕೆಂಡು ಹಾಗೆಯೇ ನಿಲ್ಲಬಲ್ಲಿರಿ? ಆರೋಗ್ಯವಂತ ಯುವಕರಿಗೆ ಅರ್ಧ ನಿಮಿಷ ಕಷ್ಟವಲ್ಲ. ಈಗ ಅದೇ ಭಂಗಿಯಲ್ಲಿ ಕಣ್ಣು ಮುಚ್ಚಿ. ಕೆಲವೇ ಸೆಕೆಂಡುಗಳಲ್ಲಿ ಮೈ ತೂರಾಡತೊಡಗುತ್ತದೆ, ಕೈ ತಾನಾಗಿಯೇ ಗೋಡೆಯನ್ನು ಹುಡುಕುತ್ತದೆ. ಕಾಲಿನ ಸ್ನಾಯುಗಳು ಬದಲಾಗಿಲ್ಲ, ಗುರುತ್ವವೂ ಬದಲಾಗಿಲ್ಲ. ಬದಲಾದದ್ದು ಕಣ್ಣಿನಿಂದ ಬರುತ್ತಿದ್ದ ಮಾಹಿತಿ ಮಾತ್ರ.

ನಾವು ನಿಲ್ಲುವುದಕ್ಕೂ ನಡೆಯುವುದಕ್ಕೂ ಮಿದುಳು ಮೂರು ಕಡೆಯಿಂದ ವರದಿ ತರಿಸಿಕೊಳ್ಳುತ್ತದೆ: ಸ್ನಾಯು ಮತ್ತು ಕೀಲುಗಳಿಂದ, ಒಳಕಿವಿಯ ಅರ್ಧವರ್ತುಲ ನಾಳಗಳಿಂದ ಮತ್ತು ಕಣ್ಣಿನಿಂದ. ಒಂದು ವರದಿ ಕೆಟ್ಟರೆ ಉಳಿದವುಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ. ಕಾಲಿನಿಂದ ಬರುವ ವರದಿ ಕೆಟ್ಟವರಿಗೆ ಕಣ್ಣಿನ ಮೂಲಕ ನೆರವು ನೀಡಬಹುದೇ? ನಾನು ಹೇಳಹೊರಟಿರುವುದು ಈ ಪ್ರಶ್ನೆಯ ಇತಿಹಾಸವನ್ನು.

ನಾನು ತಪ್ಪಾಗಿ ಓದಿದ ಒಂದು ನಡಿಗೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಕಿರಿಯ ಅಧ್ಯಾಪಕ. ನಮ್ಮ ದ್ಯುತಿವಿಜ್ಞಾನದ ಪ್ರಯೋಗಶಾಲೆ ಎರಡನೆಯ ಮಹಡಿಯಲ್ಲಿತ್ತು. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ ಮಧ್ಯಾಹ್ನದ ಪ್ರಯೋಗ ತರಗತಿಗೆ ನಿತ್ಯವೂ ತಡವಾಗಿ ಬರುತ್ತಿದ್ದಳು. ಬೆಳಗಿನ ಪಾಠಗಳಿಗೆ ಸರಿಯಾದ ಹೊತ್ತಿಗೆ ಬರುವವಳು ಮಧ್ಯಾಹ್ನ ಮಾತ್ರ ಏಕೆ ತಡ? ಕೇಳಿದೆ. "ಬೆಳಿಗ್ಗೆ ಸರಿಯಿರುತ್ತೆ ಸರ್. ಬಿಸಿಲೇರಿದ ಮೇಲೆ ಕಾಲು ಹೇಳಿದ ಮಾತು ಕೇಳಲ್ಲ" ಎಂದಳು. "ಕಾಲು ಯಾರ ಮಾತನ್ನೂ ಕೇಳಲ್ಲಮ್ಮ, ಸ್ವಲ್ಪ ಬೇಗ ಹೊರಡಬೇಕು ಅಷ್ಟೆ" ಎಂದೆ. ಉಳಿದವರು ನಕ್ಕರು. ಆ ದಿನದ ಹಾಜರಾತಿಯನ್ನೂ ಕೊಡಲಿಲ್ಲ.

ಕೆಲವು ತಿಂಗಳ ನಂತರ ಆಕೆಯ ತಂದೆ ವೈದ್ಯಕೀಯ ವರದಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ನಾನು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಆಕೆ ಹೇಳಿದ್ದು ಅಕ್ಷರಶಃ ನಿಜವೆಂದೂ, ಅದರ ಹಿಂದಿರುವುದು ನಾನು ಪ್ರತಿವರ್ಷ ಪಾಠ ಮಾಡುವ ಭೌತವಿಜ್ಞಾನವೆಂದೂ ತಿಳಿದದ್ದು ಇನ್ನೂ ಆಮೇಲೆ.

ರೋಗಕ್ಕೆ ಹೆಸರು ಬಂದದ್ದು

ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ಅಲ್ಲಲ್ಲಿ ಗಟ್ಟಿಯಾದ ಕಲೆಗಳಿರುವುದನ್ನು 1830ರ ದಶಕದಲ್ಲಿಯೇ ಬ್ರಿಟನ್ನಿನ ರಾಬರ್ಟ್ ಕಾರ್ಸ್‌ವೆಲ್ ಮತ್ತು ಫ್ರಾನ್ಸಿನ ಜಾನ್ ಕ್ರೂವೇಲ್ಯೇ ಚಿತ್ರ ಬರೆದು ದಾಖಲಿಸಿದ್ದರು. ಆದರೆ ಮೃತದೇಹದ ಆ ಕಲೆಗಳಿಗೂ ಬದುಕಿದ್ದಾಗ ರೋಗಿ ಪಟ್ಟ ಪಾಡಿಗೂ ಸ್ಪಷ್ಟವಾದ ಸಂಬಂಧ ಕಲ್ಪಿಸಿದವರು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜಾನ್ ಮಾರ್ಟಿನ್ ಶಾರ್ಕೊ. 1868ರಲ್ಲಿ ಅವರು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಕಣ್ಣುಗುಡ್ಡೆಯ ಅದುರುವಿಕೆ, ಏನನ್ನಾದರೂ ಹಿಡಿಯಹೋದಾಗ ಕೈನಡುಕ, ತುಂಡುತುಂಡಾದ ಮಾತು - ಇವು ಶಾರ್ಕೊ ಗುರುತಿಸಿದ ಮೂರು ಲಕ್ಷಣಗಳು. ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವಿಕೆ. ಅದು ಅನೇಕ ಕಡೆ ಆಗಿರುವುದರಿಂದ ಮಲ್ಟಿಪಲ್.

ರೋಗದ ತಿರುಳು ಇಷ್ಟು. ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿರುತ್ತದೆ. 1854ರಲ್ಲಿ ಅದಕ್ಕೆ ಆ ಹೆಸರಿಟ್ಟವರು ಜರ್ಮನಿಯ ರುಡಾಲ್ಫ್ ವಿರ್ಖೋ. ಎಂ.ಎಸ್.ನಲ್ಲಿ ದೇಹದ ರೋಗರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಮಿದುಳು, ಮಿದುಳುಬಳ್ಳಿ ಮತ್ತು ದೃಷ್ಟಿನರಗಳಲ್ಲಿರುವ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನೊಳಗೆ, ಓದುವ, ದುಡಿಯುವ, ಮಕ್ಕಳನ್ನು ಸಾಕುವ ಕಾಲದಲ್ಲಿ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು.

ತಂತಿ ಮತ್ತು ನರ

ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ? ಅದನ್ನು ಅಳೆಯುವುದೇ ಅಸಾಧ್ಯವೆಂದು ಒಂದು ಕಾಲದಲ್ಲಿ ನಂಬಿದ್ದರು. 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದನ್ನು ಅಳೆದೇ ಬಿಟ್ಟರು: ಸೆಕೆಂಡಿಗೆ ಸುಮಾರು 27 ಮೀಟರ್. ಶಕ್ತಿಯ ಸಂರಕ್ಷಣೆಯ ಪಾಠದಲ್ಲಿ ನಾವು ಹೆಸರಿಸುವ ಹೆಲ್ಮ್‌ಹೋಲ್ಟ್ಸ್ ಇವರೇ. ಅದಾಗಿ ಐದು ವರ್ಷಕ್ಕೆ, 1855ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ಸಮುದ್ರದಡಿಯ ಟೆಲಿಗ್ರಾಫ್ ಕೇಬಲಿನಲ್ಲಿ ಸಂಕೇತ ಏಕೆ ತಡವಾಗಿ, ಕಲಸಿಕೊಂಡು ತಲಪುತ್ತದೆ ಎಂಬುದನ್ನು ಗಣಿತದಿಂದ ವಿವರಿಸಿದರು. ಕೇಬಲಿನ ಒಳಗಿನ ತಂತಿ ಒಂದು ಫಲಕ, ಹೊರಗಿನ ಸಮುದ್ರದ ನೀರು ಇನ್ನೊಂದು ಫಲಕ; ಎರಡೂ ಸೇರಿ ಉದ್ದಕ್ಕೂ ಒಂದು ಧಾರಕ. ಪ್ರತಿಯೊಂದು ಸಂಕೇತವೂ ಮೊದಲು ಈ ಧಾರಕವನ್ನು ತುಂಬಬೇಕು. ತಡವಾಗುವುದು ಅದಕ್ಕೇ.

ನರತಂತುವಿನ ಕಥೆಯೂ ಇದೇ. ಒಳಗೆ ಅಯಾನುಗಳಿರುವ ದ್ರವ, ಹೊರಗೂ ಅಂಥದೇ ದ್ರವ, ನಡುವೆ ತೀರ ತೆಳುವಾದ ಪೊರೆ. ಫಲಕಗಳ ಅಂತರ ಕಡಿಮೆಯಾದಷ್ಟೂ ಧಾರಕತೆ ಹೆಚ್ಚು ಎಂಬುದು ಪಿಯುಸಿ ವಿದ್ಯಾರ್ಥಿಗೂ ಗೊತ್ತು. ಮೈಲಿನ್ ಮಾಡುವ ಕೆಲಸವೆಂದರೆ ಪದರದ ಮೇಲೆ ಪದರ ಸುತ್ತಿ ಈ ಅಂತರವನ್ನು ಹೆಚ್ಚಿಸುವುದು. ಧಾರಕತೆ ತಗ್ಗುತ್ತದೆ, ಸೋರಿಕೆಗೆ ರೋಧ ಹೆಚ್ಚುತ್ತದೆ, ಸಂಕೇತ ವೇಗವಾಗಿ ಸಾಗುತ್ತದೆ. ಹೊದಿಕೆಯ ನಡುನಡುವೆ ಪುಟ್ಟ ಸಂದುಗಳಿವೆ. 1870ರ ದಶಕದಲ್ಲಿ ಅವನ್ನು ವಿವರಿಸಿದ ಫ್ರಾನ್ಸಿನ ರಾನ್ವಿಯೇ ಅವರ ಹೆಸರೇ ಅವಕ್ಕಿದೆ. ವಿದ್ಯುತ್ ಸಂಕೇತ ಈ ಸಂದಿನಿಂದ ಆ ಸಂದಿಗೆ ಜಿಗಿಯುತ್ತ ಹೋಗುತ್ತದೆ ಎಂಬುದನ್ನು ಜಪಾನಿನ ಇಚಿಜಿ ತಸಾಕಿ 1939ರಲ್ಲಿಯೂ, ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಬರ್ಟ್ ಸ್ಟಾಂಪ್‌ಫ್ಲಿ 1949ರಲ್ಲಿಯೂ ತೋರಿಸಿದರು. ಮೈಲಿನ್ ಇಲ್ಲದ ಸಪೂರ ತಂತುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಮೈಲಿನ್ ಇರುವ ದಪ್ಪ ತಂತುವಿನಲ್ಲಿ 100 ಮೀಟರಿನ ಆಸುಪಾಸು.

ಈಗ ಆ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿದೆ ಎಂದು ಊಹಿಸಿ. ಸಂಕೇತ ನಿಧಾನವಾಗುತ್ತದೆ. ಮುಂದಿನ ಸಂದನ್ನು ತಲಪುವಷ್ಟರಲ್ಲಿ ಕ್ಷೀಣಿಸಿ, ಕೆಲವೊಮ್ಮೆ ಅಲ್ಲಿಯೇ ನಿಂತುಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಉಷ್ಣತೆ ಏರಿದರೆ ನರಪೊರೆಯ ಸೋಡಿಯಂ ಬಾಗಿಲುಗಳು ಬೇಗ ತೆರೆದು ಬೇಗ ಮುಚ್ಚಿಕೊಳ್ಳುತ್ತವೆ. ಪ್ರತಿ ಮಿಡಿತವೂ ಮೊಟಕಾಗುತ್ತದೆ, ಮುಂದಿನ ಸಂದಿಗೆ ದಾಟುವ ವಿದ್ಯುದಾವೇಶ ಕಡಿಮೆಯಾಗುತ್ತದೆ. ಹೊದಿಕೆ ಸರಿಯಿದ್ದವರಿಗೆ ಇದು ಗೊತ್ತೇ ಆಗದು. ಹೊದಿಕೆ ಹರಿದವರಲ್ಲಿ ಮಾತ್ರ, ಕಷ್ಟಪಟ್ಟು ದಾಟುತ್ತಿದ್ದ ಸಂಕೇತ ಪೂರ್ತಿ ನಿಂತುಬಿಡುತ್ತದೆ. ಶ್ರಮದ ನಂತರ ಎಂ.ಎಸ್. ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಹ್ಟ್‌ಹಾಫ್ 1890ರಲ್ಲಿಯೇ ಬರೆದಿದ್ದರು. ಅದಕ್ಕೆ ಮೈ ಬಿಸಿಯಾಗುವುದೇ ಕಾರಣವೆಂದು ಮುಂದೆ ತಿಳಿಯಿತು. ನನ್ನ ವಿದ್ಯಾರ್ಥಿನಿಯ "ಬಿಸಿಲೇರಿದ ಮೇಲೆ ಕಾಲು ಮಾತು ಕೇಳಲ್ಲ" ಎಂಬ ವಾಕ್ಯದ ಭೌತವಿಜ್ಞಾನ ಇದು!

ನಡಿಗೆಯನ್ನು ಅಳೆದವರು

ರೋಗದ ಕಥೆ ಹೀಗೆ ಸಾಗುತ್ತಿದ್ದಾಗಲೇ ನಡಿಗೆಯ ಕಥೆ ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. ಅದರ ಆರಂಭದಲ್ಲಿಯೂ ಒಬ್ಬ ಭೌತವಿಜ್ಞಾನಿಯಿದ್ದಾರೆ. ಕಾಂತ ಅಭಿವಾಹದ ಏಕಮಾನಕ್ಕೆ ಹೆಸರು ಕೊಟ್ಟ ವಿಲ್ಹೆಲ್ಮ್ ವೇಬರ್ ತಮ್ಮ ಸಹೋದರ, ಅಂಗರಚನಾ ವಿಜ್ಞಾನಿ ಎಡ್ವರ್ಡ್ ವೇಬರ್ ಜೊತೆಗೂಡಿ 1836ರಲ್ಲಿ ಮನುಷ್ಯನ ನಡಿಗೆಯ ಯಂತ್ರವಿಜ್ಞಾನದ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ಮುಂದಕ್ಕೆ ಬೀಸುವ ಕಾಲು ಬರಿಯ ಲೋಲಕ, ಅದನ್ನು ಗುರುತ್ವವೇ ತೂಗುತ್ತದೆ ಎಂಬುದು ಅವರ ವಾದ.

ಇದನ್ನು ನೀವೇ ಪರೀಕ್ಷಿಸಬಹುದು. ಕಾಲನ್ನು 0.9 ಮೀಟರ್ ಉದ್ದದ ಏಕರೂಪದ ದಂಡವೆಂದು ಭಾವಿಸಿ. ಒಂದು ತುದಿಯಿಂದ ತೂಗುಬಿಟ್ಟ ದಂಡದ ಆಂದೋಲನಾವಧಿ, ಅದರ ಉದ್ದದ ಮೂರನೇ ಎರಡರಷ್ಟು ಉದ್ದದ, ಎಂದರೆ 0.6 ಮೀಟರಿನ, ಸರಳ ಲೋಲಕದ ಅವಧಿಗೆ ಸಮ. ಲೆಕ್ಕ ಮಾಡಿದರೆ ಸುಮಾರು 1.55 ಸೆಕೆಂಡು ಬರುತ್ತದೆ. ಹಿಂದಿನಿಂದ ಮುಂದಕ್ಕೆ ಬರಲು ಅದರ ಅರ್ಧ, ಸುಮಾರು 0.78 ಸೆಕೆಂಡು ಬೇಕು. ಆದರೆ ಸಾಮಾನ್ಯ ನಡಿಗೆಯಲ್ಲಿ ಕಾಲು ಬೀಸುವುದಕ್ಕೆ ತಗಲುವುದು ಸುಮಾರು 0.4 ಸೆಕೆಂಡು ಮಾತ್ರ. ಮಂಡಿ ಮಡಿಸುವುದರಿಂದ ಲೋಲಕ ಸ್ವಲ್ಪ ಚಿಕ್ಕದಾಗುತ್ತದೆ, ನಿಜ. ಆದರೂ ಗುರುತ್ವವೊಂದೇ ಸಾಲದು.

ಇದನ್ನು ಲೆಕ್ಕದಿಂದಲ್ಲ, ರೋಗಿಗಳನ್ನು ನೋಡಿ ಹೇಳಿದವರು ಫ್ರಾನ್ಸಿನ ದ್ಯುಶೆನ್. ಸೊಂಟದ ಬಳಿ ಕಾಲನ್ನೆತ್ತುವ ಸ್ನಾಯುಗಳು ಸೋತವರಲ್ಲಿ ಕಾಲು ಲೋಲಕದಂತೆ ತೂಗುವುದಿಲ್ಲ ಎಂದು ಅವರು 1867ರ ತಮ್ಮ ಗ್ರಂಥದಲ್ಲಿ ತೋರಿಸಿದರು. ನಡಿಗೆಗೆ ಸ್ನಾಯು ಬೇಕು, ಸ್ನಾಯುವಿಗೆ ನರದ ಆಜ್ಞೆ ಬೇಕು, ಅದೂ ಸರಿಯಾದ ಕ್ಷಣದಲ್ಲಿ. ಈ ದ್ಯುಶೆನ್ ಅವರನ್ನು ಶಾರ್ಕೊ ತಮ್ಮ ಗುರುವೆಂದು ಗೌರವಿಸುತ್ತಿದ್ದರು. ಎರಡು ಕಥೆಗಳು ಕೂಡುವುದು ಇಲ್ಲಿ.

1880ರ ದಶಕದಲ್ಲಿ ಪ್ಯಾರಿಸಿನ ಎಟಿಯೆನ್ ಜೂಲ್ ಮಾರೇ ಕಪ್ಪು ಉಡುಪಿನ ಮೇಲೆ ಬಿಳಿ ಪಟ್ಟಿ ಹಚ್ಚಿದ ಮನುಷ್ಯನನ್ನು ನಡೆಸಿ, ಒಂದೇ ಫಲಕದ ಮೇಲೆ ಮತ್ತೆ ಮತ್ತೆ ಛಾಯಾಚಿತ್ರ ತೆಗೆದು, ಚಲನೆಯನ್ನು ಗೆರೆಗಳಾಗಿ ಪರಿವರ್ತಿಸಿದರು. ಶಾರ್ಕೊ ಅವರ ಶಿಷ್ಯ ಜಿಲ್ ದ ಲ ತೂರೆತ್ 1886ರಲ್ಲಿ ಇನ್ನೂ ಸರಳವಾದ ಉಪಾಯ ಹೂಡಿದರು. ರೋಗಿಯ ಅಂಗಾಲಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಹಚ್ಚಿ ಉದ್ದನೆಯ ಕಾಗದದ ಮೇಲೆ ನಡೆಸಿದರು. ಹೆಜ್ಜೆಯ ಉದ್ದ, ಕಾಲುಗಳ ನಡುವಿನ ಅಗಲ, ಪಾದದ ಕೋನ ಎಲ್ಲವೂ ಕಾಗದದ ಮೇಲೆ ಮೂಡಿತು. ನಿಮ್ಮ ಶಾಲೆಯಲ್ಲಿ ರಂಗೋಲಿಯ ಪುಡಿಯಿಂದ ಇದನ್ನು ಮಾಡಿಸಬಹುದು. ಲೈಪ್‌ಜಿಗ್‌ನ ಬ್ರೌನೆ ಮತ್ತು ಫಿಷರ್ 1890ರ ದಶಕದಲ್ಲಿ ಸೈನಿಕನೊಬ್ಬನ ಮೈಗೆ ಗೈಸ್ಲರ್ ನಳಿಕೆಗಳನ್ನು ಕಟ್ಟಿ, ಪ್ರೇರಣ ಸುರುಳಿಯಿಂದ ಅವನ್ನು ಮಿನುಗಿಸಿ, ಮೂರು ಆಯಾಮಗಳಲ್ಲಿ ನಡಿಗೆಯ ಲೆಕ್ಕ ಹಾಕಿದರು. ನಮ್ಮ ಪ್ರಯೋಗಶಾಲೆಯ ಹಳೆಯ ಕಪಾಟಿನಲ್ಲಿ ಧೂಳು ತಿನ್ನುವ ಪ್ರೇರಣ ಸುರುಳಿಗೆ ಇಂಥ ಒಂದು ಪೂರ್ವಾಶ್ರಮವೂ ಇದೆ.

ಕಣ್ಣು ನಡೆಸುವ ಕಾಲು

ನೀವು ಬಸ್ಸಿನ ಮುಂದಿನ ಗಾಜಿನಿಂದ ಹೊರಗೆ ನೋಡಿದ್ದೀರಲ್ಲವೇ? ದೂರದ ಒಂದು ಬಿಂದು ಸ್ಥಿರವಾಗಿರುತ್ತದೆ, ಅದರ ಸುತ್ತಲಿನ ಗಿಡಮರಗಳು ಹೊರಕ್ಕೆ ಹರಿದು ನಿಮ್ಮ ಎರಡೂ ಪಕ್ಕಗಳಲ್ಲಿ ಸರಿದುಹೋಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರ ದೃಷ್ಟಿಯನ್ನು ಅಭ್ಯಸಿಸಿದ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್, 1950ರ ತಮ್ಮ ಪುಸ್ತಕದಲ್ಲಿ ಈ 'ದೃಶ್ಯ ಪ್ರವಾಹ'ವೇ ನಮಗೆ ನಮ್ಮ ಚಲನೆಯ ವೇಗವನ್ನೂ ದಿಕ್ಕನ್ನೂ ತಿಳಿಸುತ್ತದೆ ಎಂದು ವಾದಿಸಿದರು.

ಈ ಪ್ರವಾಹಕ್ಕೆ ಎಷ್ಟು ಬಲವಿದೆ ಎಂಬುದನ್ನು 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ ತೋರಿಸಿದರು. ಆಗತಾನೇ ನಿಲ್ಲಲು ಕಲಿತ ಮಕ್ಕಳನ್ನು ಒಂದು ಕೋಣೆಯಲ್ಲಿ ನಿಲ್ಲಿಸಿದರು. ನೆಲ ಅಲುಗುವುದಿಲ್ಲ, ಗೋಡೆಗಳು ಮಾತ್ರ ಸರಿಯುತ್ತವೆ. ಗೋಡೆ ಮಗುವಿನ ಕಡೆಗೆ ಸರಿದಾಗ, ತಾನೇ ಮುಂದಕ್ಕೆ ಬೀಳುತ್ತಿದ್ದೇನೆಂದು ಭ್ರಮಿಸಿದ ಮಗು ಹಿಂದಕ್ಕೆ ವಾಲುತ್ತಿತ್ತು, ಕೆಲವೊಮ್ಮೆ ಬಿದ್ದೇಬಿಡುತ್ತಿತ್ತು. ಕಾಲಿನ ವರದಿಗಿಂತ ಕಣ್ಣಿನ ವರದಿಯನ್ನೇ ಮಿದುಳು ನಂಬಿತ್ತು.

ಇದಕ್ಕೆ ಮೊದಲೇ, 1967ರಲ್ಲಿ, ಲಂಡನ್ನಿನ ನರರೋಗ ತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ ಒಂದು ವಿಸ್ಮಯವನ್ನು ದಾಖಲಿಸಿದ್ದರು. ಹೆಜ್ಜೆ ಕೀಳಲಾಗದೆ ನಿಂತುಬಿಡುವ ಪಾರ್ಕಿನ್‌ಸನ್ ರೋಗಿಗಳ ಮುಂದೆ ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ, ಅವರು ಗೆರೆಗಳನ್ನು ದಾಟುತ್ತ ನಡೆದುಬಿಡುತ್ತಿದ್ದರು! ಉದ್ದಗೆರೆಗಳಿಂದ ಈ ಫಲ ಸಿಗುತ್ತಿರಲಿಲ್ಲ. ಪಾರ್ಕಿನ್‌ಸನ್ ಬೇರೆ, ಎಂ.ಎಸ್. ಬೇರೆ. ಆದರೆ ಕಣ್ಣಿನ ದಾರಿಯಿಂದ ನಡಿಗೆಯನ್ನು ಎಬ್ಬಿಸಬಹುದು ಎಂಬ ಸುಳಿವು ಸಿಕ್ಕಿತು. ಉಳಿದದ್ದು ಒಂದೇ ತೊಡಕು: ರೋಗಿ ಹೋದಲ್ಲೆಲ್ಲ ನೆಲಕ್ಕೆ ಗೆರೆ ಎಳೆಯುವವರು ಯಾರು?

ಕನ್ನಡಕದೊಳಗಿನ ನೆಲ

ಉತ್ತರ ಬಂದದ್ದು ದ್ಯುತಿವಿಜ್ಞಾನದಿಂದ. ಪೀನಮಸೂರದ ಸಂಗಮದೂರದೊಳಗೆ ವಸ್ತುವನ್ನಿಟ್ಟರೆ ನೆಟ್ಟಗಿನ, ದೊಡ್ಡದಾದ ಮಿಥ್ಯಾಬಿಂಬ ಕಾಣುತ್ತದೆ ಎಂದು ನಾವು ಹತ್ತನೆಯ ತರಗತಿಯಲ್ಲಿ ಕಲಿಸುತ್ತೇವೆ. ತಲೆಗೆ ಧರಿಸುವ ಪರದೆಯ ತತ್ತ್ವ ಅಷ್ಟೇ: ಕಣ್ಣಿಗೆ ಅಂಟಿದಂತಿರುವ ಪುಟ್ಟ ಚಿತ್ರ ಮಸೂರದ ಮೂಲಕ ದೂರದ ದೊಡ್ಡ ದೃಶ್ಯವಾಗುತ್ತದೆ. ಎರಡು ಕಣ್ಣುಗಳಿಗೆ ತುಸು ಬೇರೆಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆ ಎಂಬುದನ್ನು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ತಮ್ಮ ಸ್ಟೀರಿಯೋಸ್ಕೋಪಿನಿಂದ ತೋರಿಸಿದ್ದರು. ರೋಧ ಅಳೆಯುವ ಸೇತುವೆಗೆ ಯಾರ ಹೆಸರಿದೆಯೋ ಅದೇ ವೀಟ್‌ಸ್ಟನ್. ಅವರನ್ನು ಮರೆಯಬೇಡಿ, ಮುಂದೆ ಮತ್ತೊಮ್ಮೆ ಸಿಗುತ್ತಾರೆ.

1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಇದಕ್ಕೆ ಕಂಪ್ಯೂಟರನ್ನು ಸೇರಿಸಿದರು. ಅವರ ತಲೆಪರದೆಯಲ್ಲಿ ಎರಡು ಪುಟ್ಟ ಕ್ಯಾಥೋಡ್ ಕಿರಣ ನಳಿಕೆಗಳಿದ್ದವು. ಚಾವಣಿಯಿಂದ ಇಳಿಬಿದ್ದ ತೋಳು ತಲೆಯ ಚಲನೆಯನ್ನು ಅಳೆಯುತ್ತಿತ್ತು. ತಲೆ ತಿರುಗಿದಂತೆ ಕಂಪ್ಯೂಟರ್ ದೃಶ್ಯವನ್ನು ಹೊಸದಾಗಿ ಬರೆಯುತ್ತಿತ್ತು. ಎದುರಿನ ಕೋಣೆಯೂ ಕಾಣುತ್ತಿತ್ತು, ಅದರ ಮೇಲೆ ಗೆರೆಚಿತ್ರವೂ ತೇಲುತ್ತಿತ್ತು. 1980ರ ದಶಕದಲ್ಲಿ ಜೇರನ್ ಲನಿಯರ್ 'ವರ್ಚುಯಲ್ ರಿಯಾಲಿಟಿ' ಎಂಬ ಮಾತನ್ನು ಜನಪ್ರಿಯಗೊಳಿಸಿದರು. ಮಿಥ್ಯಾಬಿಂಬ ಎಂಬ ಪದವನ್ನು ಬಲ್ಲ ನಾವು ಇದನ್ನು ಮಿಥ್ಯಾವಾಸ್ತವ ಎನ್ನಬಹುದು. ಇಲ್ಲಿ ಮಿಥ್ಯೆ ಎಂದರೆ ಸುಳ್ಳಲ್ಲ. ಕಿರಣಗಳು ನಿಜವಾಗಿ ಅಲ್ಲಿ ಕೂಡದಿದ್ದರೂ ಕಣ್ಣಿಗೆ ಅಲ್ಲಿಂದಲೇ ಬಂದಂತೆ ಕಾಣುವುದು, ಅಷ್ಟೆ.

1990ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪಾರ್ಕಿನ್‌ಸನ್ ರೋಗಿಗಳ ಕಣ್ಣಮುಂದೆ ಇಂಥ ಮಿಥ್ಯಾಗೆರೆಗಳನ್ನು ಮೂಡಿಸಿ ನೋಡಿದರು. ಇಸ್ರೇಲಿನ ಹೈಫಾದಲ್ಲಿರುವ ಟೆಕ್ನಿಯಾನ್ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನಿ ಯೋರಾಮ್ ಬರಾಮ್, ನಾಸಾದ ಏಮ್ಸ್ ಕೇಂದ್ರದಲ್ಲಿ ನೆಲಕ್ಕೆ ಹತ್ತಿರ ಹಾರುವ ಹೆಲಿಕಾಪ್ಟರ್ ಚಾಲಕರಿಗೆ ದೃಶ್ಯನೆರವು ಕೊಡುವ ಬಗೆಯನ್ನು ಅಭ್ಯಸಿಸಿದ್ದವರು. ಚಾಲಕನಿಗೆ ನೆರವಾಗುವ ದೃಶ್ಯ ಪ್ರವಾಹ ನಡೆಯಲಾಗದವರಿಗೂ ಏಕೆ ನೆರವಾಗಬಾರದು? ಅವರ ಸಾಧನದಲ್ಲಿ ಕನ್ನಡಕಕ್ಕೆ ಜೋಡಿಸಿದ ಪುಟ್ಟ ಪರದೆಯಿತ್ತು, ಮೈಗೆ ಧರಿಸುವ ಚಲನ ಸಂವೇದಕವಿತ್ತು. ಕಣ್ಣಿಗೆ ಕಾಣುತ್ತಿದ್ದುದು ಚದುರಂಗದ ಮಣೆಯಂತಹ ಹಾಸುಗಲ್ಲುಗಳ ನೆಲ. ರೋಗಿ ಹೆಜ್ಜೆಯಿಟ್ಟರೆ ನೆಲ ಅವರತ್ತ ಹರಿಯುತ್ತದೆ, ನಿಂತರೆ ನಿಲ್ಲುತ್ತದೆ. ಹೆಜ್ಜೆ ಏರುಪೇರಾದರೆ ಹರಿವೂ ಏರುಪೇರು. ತಾನು ಹೇಗೆ ನಡೆಯುತ್ತಿದ್ದೇನೆ ಎಂಬ ವರದಿ, ಕಾಲಿನ ನರಗಳಿಂದ ಸರಿಯಾಗಿ ಬಾರದ ವರದಿ, ಈಗ ಕಣ್ಣಿನ ದಾರಿಯಲ್ಲಿ ಬರುತ್ತದೆ. ಎಂಜಿನಿಯರುಗಳು ಇದನ್ನು ಮುಚ್ಚಿದ ಸುತ್ತಿನ ನಿಯಂತ್ರಣ ಎನ್ನುತ್ತಾರೆ.

"ಕನ್ನಡಕ ತೆಗೆದ ಮೇಲೆ?"

ಈ ಸಾಧನದ ಬಗ್ಗೆ ಓದಿದ ದಿನ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಆಕೆಗೆ ಉದ್ಯೋಗ ಸಿಕ್ಕಿತ್ತು, ಕೈಗೆ ಊರುಗೋಲು ಬಂದಿತ್ತು. ನನ್ನ ಉತ್ಸಾಹದ ವಿವರಣೆಯನ್ನೆಲ್ಲ ಕೇಳಿ ಆಕೆ ಒಂದೇ ಪ್ರಶ್ನೆ ಕೇಳಿದಳು: "ಕನ್ನಡಕ ತೆಗೆದ ಮೇಲೂ ಆ ನಡಿಗೆ ಉಳಿಯುತ್ತಾ ಸರ್?"

ಸಂಶೋಧಕರು ಕೇಳಬೇಕಾದ ಪ್ರಶ್ನೆಯೂ ಅದೇ. ಬರಾಮ್ ಮತ್ತು ಹೈಫಾದ ನರರೋಗ ತಜ್ಞ ಏರಿಯಲ್ ಮಿಲ್ಲರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಎಂ.ಎಸ್. ರೋಗಿಗಳಿದ್ದರು. ಮೊದಲು ಸಾಧನವಿಲ್ಲದೆ, ನಂತರ ಸಾಧನದೊಂದಿಗೆ, ಸ್ವಲ್ಪ ವಿಶ್ರಾಂತಿಯ ಬಳಿಕ ಮತ್ತೆ ಸಾಧನವಿಲ್ಲದೆ ನಡೆಸಿ ವೇಗ ಅಳೆದರು. ಮೊದಲೇ ನಿಧಾನವಾಗಿ ನಡೆಯುತ್ತಿದ್ದ ಅರ್ಧದಷ್ಟು ಜನರಲ್ಲಿ ಸಾಧನ ಧರಿಸಿದಾಗ ವೇಗ ಸರಾಸರಿ ಶೇಕಡಾ 13ರಷ್ಟು ಹೆಚ್ಚಿತು. ಅದನ್ನು ತೆಗೆದ ಮೇಲೆ ಹೆಚ್ಚಳ ಶೇಕಡಾ 24ರಷ್ಟಿತ್ತು! ವೇಗವಾಗಿ ನಡೆಯುತ್ತಿದ್ದ ಉಳಿದ ಅರ್ಧದವರಲ್ಲಿ ಈ ಅಂಕಿಗಳು ಶೇಕಡಾ 1.5 ಮತ್ತು 9ರ ಆಸುಪಾಸು. ಎಂ.ಎಸ್. ರೋಗಿಗಳನ್ನು 25 ಅಡಿ, ಎಂದರೆ 7.62 ಮೀಟರ್, ನಡೆಸಿ ಕಾಲ ಅಳೆಯುವುದು ವಾಡಿಕೆ. ಅದರಲ್ಲಿ ಶೇಕಡಾ 20ರ ಬದಲಾವಣೆಯಾದರೆ ಬದುಕಿಗೆ ಅರ್ಥವುಳ್ಳ ಬದಲಾವಣೆ ಎಂದು ವೈದ್ಯರು ಎಣಿಸುತ್ತಾರೆ. ಆ ದೃಷ್ಟಿಯಿಂದ 24 ಸಣ್ಣ ಸಂಖ್ಯೆಯಲ್ಲ.

ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಎಚ್ಚರದಿಂದಿರಬೇಕು. ಹದಿನಾರು ಜನ ಬಹಳ ಕಡಿಮೆ. ಉಳಿಕೆಯ ಫಲವನ್ನು ಅಳೆದದ್ದು ಕೆಲವೇ ನಿಮಿಷಗಳ ನಂತರ, ತಿಂಗಳುಗಳ ನಂತರ ಅಲ್ಲ. ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಲ ಧೈರ್ಯದಿಂದ ನಡೆಯುವುದು ಸಹಜ. ಅದರ ಪಾಲೆಷ್ಟು, ಕನ್ನಡಕದ ಪಾಲೆಷ್ಟು ಎಂದು ಬೇರ್ಪಡಿಸಬೇಕು. ನಾನು ಆಕೆಗೆ ಹೇಳಿದ್ದು ಇಷ್ಟೇ: "ಸ್ವಲ್ಪ ಹೊತ್ತು ಉಳಿಯುತ್ತೆ ಅಂತ ಗೊತ್ತಾಗಿದೆಯಮ್ಮ. ಎಷ್ಟು ದಿನ ಅಂತ ಇನ್ನೂ ನೋಡಬೇಕು."

ವ್ಯಾಯಾಮವೇ ಬೇಡವೆಂದ ಕಾಲದಿಂದ

ಎಂ.ಎಸ್. ರೋಗಿಗಳಿಗೆ ಮೈ ಬಿಸಿಯಾದರೆ ತೊಂದರೆ ಎಂಬ ಕಾರಣಕ್ಕೆ, ವ್ಯಾಯಾಮ ಬೇಡ, ವಿಶ್ರಾಂತಿ ಪಡೆಯಿರಿ ಎಂದು ಹೇಳುವುದು ದಶಕಗಳ ಕಾಲ ರೂಢಿಯಾಗಿತ್ತು. 1996ರಲ್ಲಿ ಅಮೆರಿಕದ ಯೂಟಾದ ಜ್ಯಾಕ್ ಪೆಟಜಾನ್ ಮತ್ತು ಸಂಗಡಿಗರು 54 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 15 ವಾರ ವ್ಯಾಯಾಮ ಮಾಡಿಸಿ, ಅದರಿಂದ ಮೈಯ ಕಸುವೂ ಬದುಕಿನ ಗುಣಮಟ್ಟವೂ ಹೆಚ್ಚುತ್ತವೆ ಎಂದು ತೋರಿಸಿದರು. ಬಿಸಿಯಿಂದಾಗುವ ತೊಂದರೆ ತಾತ್ಕಾಲಿಕ, ಮೈ ತಣಿದರೆ ಅದೂ ತಗ್ಗುತ್ತದೆ. ಕೂತಲ್ಲೇ ಕೂರುವುದರ ಹಾನಿ ಮಾತ್ರ ಉಳಿಯುತ್ತದೆ. ಮಿಥ್ಯಾವಾಸ್ತವದ ತರಬೇತಿಗೆ ದಾರಿ ತೆರೆದದ್ದು ಈ ಬದಲಾದ ತಿಳಿವಳಿಕೆಯೂ ಹೌದು.

ಮುಂದಿನ ಹೆಜ್ಜೆಯನ್ನು ಆಟಿಕೆಯ ಅಂಗಡಿ ಇಟ್ಟಿತು. 2007ರಲ್ಲಿ ನಿಂಟೆಂಡೊ ಕಂಪನಿ ವೀ ಆಟಕ್ಕೆಂದು ಸಮತೋಲನ ಮಣೆಯೊಂದನ್ನು ಮಾರುಕಟ್ಟೆಗೆ ತಂದಿತು. ಅದರ ನಾಲ್ಕು ಮೂಲೆಗಳಲ್ಲಿ ತೂಕದ ಸಂವೇದಕಗಳು. ತೂಕ ಬಿದ್ದಾಗ ಲೋಹ ತುಸುವೇ ಬಾಗಿ ರೋಧ ಬದಲಾಗುತ್ತದೆ, ಆ ಅಲ್ಪ ಬದಲಾವಣೆಯನ್ನು ಅಳೆಯುವುದು ವೀಟ್‌ಸ್ಟನ್ ಸೇತುವೆ! ಇಟಲಿಯ ಲೂಕಾ ಪ್ರೊಸ್ಪೆರಿನಿ ಮತ್ತು ಸಂಗಡಿಗರು 36 ರೋಗಿಗಳಿಗೆ ಮನೆಯಲ್ಲಿಯೇ ಈ ಮಣೆಯ ಮೇಲೆ 12 ವಾರ ಅಭ್ಯಾಸ ಮಾಡಿಸಿ, ಸಮತೋಲನ ಸುಧಾರಿಸಿದುದನ್ನು 2013ರಲ್ಲಿ ವರದಿ ಮಾಡಿದರು. ಮರುವರ್ಷ ಅವರೇ ಕಿರುಮಿದುಳಿನ ಸಂಪರ್ಕ ತಂತುಗಳಲ್ಲಿ ತರಬೇತಿಯ ಗುರುತುಗಳನ್ನು ಎಂ.ಆರ್.ಐ. ಮೂಲಕ ತೋರಿಸಿದರು. ಆದರೆ 2013ರಲ್ಲಿಯೇ ಸ್ವೀಡನ್ನಿನಲ್ಲಿ 84 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಮಣೆಯ ಮೇಲೆ ಆಡಿದವರಿಗೂ ಆಡದವರಿಗೂ ಸಂಖ್ಯಾಶಾಸ್ತ್ರೀಯವಾಗಿ ನಂಬಬಹುದಾದ ವ್ಯತ್ಯಾಸ ಕಾಣಲಿಲ್ಲ. ಎರಡೂ ವರದಿಗಳನ್ನು ಜೊತೆಯಾಗಿಟ್ಟು ಓದುವುದೇ ವಿಜ್ಞಾನ.

ಆಮೇಲೆ ಬಂದದ್ದು ಟ್ರೆಡ್‌ಮಿಲ್ ಮತ್ತು ಪರದೆಯ ಜೋಡಿ. ನಡೆಯುವವರ ಪಾದಗಳನ್ನು ಕ್ಯಾಮೆರಾ ಹಿಡಿದು ಎದುರಿನ ಪರದೆಯಲ್ಲಿ ತೋರಿಸುತ್ತದೆ. ಪರದೆಯ ದಾರಿಯಲ್ಲಿ ಅಡೆತಡೆಗಳು, ಕವಲುಗಳು. ಕಾಲೆತ್ತಿ ದಾಟಬೇಕು, ದಾರಿಯನ್ನೂ ನೆನಪಿಡಬೇಕು. ಅನತ್ ಮಿರೆಲ್ಮನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಬೀಳುವ ಅಪಾಯವಿದ್ದ 302 ವೃದ್ಧರಿದ್ದರು. ಅವರಲ್ಲಿ ಹಲವರಿಗೆ ಪಾರ್ಕಿನ್‌ಸನ್ ರೋಗವಿತ್ತು. ಟ್ರೆಡ್‌ಮಿಲ್ ಜೊತೆ ಮಿಥ್ಯಾದೃಶ್ಯವೂ ಇದ್ದ ಗುಂಪಿನಲ್ಲಿ ಆರು ತಿಂಗಳಿಗೆ ಸುಮಾರು 12 ಇದ್ದ ಬೀಳುವಿಕೆಗಳು 6ಕ್ಕೆ ಇಳಿದವು. ಬರಿಯ ಟ್ರೆಡ್‌ಮಿಲ್ ಗುಂಪಿನಲ್ಲಿ ಇಳಿಕೆ ಅಷ್ಟಿರಲಿಲ್ಲ. ಎಂ.ಎಸ್. ರೋಗಿಗಳ ಮೇಲೆ ನಡೆದ ಇಂಥದೇ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಬೇರೆ ಕೆಲಸ ಮಾಡುತ್ತ ನಡೆಯುವ ವೇಗ ಎರಡೂ ಗುಂಪುಗಳಲ್ಲಿ ಹೆಚ್ಚಿತು. ಎಂದರೆ ನಡಿಗೆಯ ಮಟ್ಟಿಗೆ ಲಾಭದ ದೊಡ್ಡ ಪಾಲು ಸಂದದ್ದು ನಡೆದ ಅಭ್ಯಾಸಕ್ಕೇ. ಆದರೆ ಮಾಹಿತಿಯನ್ನು ಗ್ರಹಿಸುವ ಮನಸ್ಸಿನ ಚುರುಕು ಮಿಥ್ಯಾದೃಶ್ಯವಿದ್ದ ಗುಂಪಿನಲ್ಲಿ ಹೆಚ್ಚು ಸುಧಾರಿಸಿತ್ತು.

ಮಿಥ್ಯಾವಾಸ್ತವ ಹರಿದ ಮೈಲಿನನ್ನು ಹೊಲಿಯುವುದಿಲ್ಲ. ರೋಗದ ದಾಳಿಯನ್ನು ತಗ್ಗಿಸಲು 1993ರಿಂದೀಚೆಗೆ ಬಂದ ಔಷಧಗಳೇ ಬೇಕು. ಉಳಿದ ನರದಾರಿಗಳನ್ನು ಮಿದುಳು ಚೆನ್ನಾಗಿ ಬಳಸಿಕೊಳ್ಳುವಂತೆ ಮಾಡುವುದು, ಬೇಸರವಾಗದಂತೆ ನೂರಾರು ಹೆಜ್ಜೆಗಳನ್ನು ಹಾಕಿಸುವುದು, ಬಿದ್ದರೂ ಪೆಟ್ಟಾಗದ ಕಡೆ ರಸ್ತೆ ದಾಟುವ ಧೈರ್ಯ ತುಂಬುವುದು - ಅದರ ಕೆಲಸ ಇಷ್ಟು. ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದೂ ಉಂಟು.

ನಮ್ಮ ತರಗತಿಗಳಲ್ಲಿ

ಎಂ.ಎಸ್. ಶೀತದೇಶಗಳ ರೋಗ, ನಮ್ಮಲ್ಲಿಲ್ಲ ಎಂಬ ಭಾವನೆ ಬಹುಕಾಲ ಇತ್ತು. ಅದು ಅಲ್ಲಿಗಿಂತ ಇಲ್ಲಿ ವಿರಳವೆಂಬುದು ನಿಜ, ಇಲ್ಲವೆಂಬುದು ನಿಜವಲ್ಲ. ಮಂಗಳೂರು ನಗರದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷಕ್ಕೆ ಸುಮಾರು 8 ಜನರಲ್ಲಿ ಈ ರೋಗವನ್ನು ಗುರುತಿಸಿತು. ಜಗತ್ತಿನಲ್ಲಿ ಸುಮಾರು 28 ಲಕ್ಷ ಜನ ಎಂ.ಎಸ್. ಇರುವವರೆಂದು 2020ರ ಅಂದಾಜು. ನಮ್ಮ ದೇಶದಲ್ಲಿ ರೋಗಿಗಳ ನೆರವಿಗಾಗಿ 1985ರಲ್ಲಿ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಹುಟ್ಟಿತು. ಬೆಂಗಳೂರಿನಲ್ಲಿಯೂ ಅದರ ಶಾಖೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎಂ.ಎಸ್. ಅನ್ನು ತನ್ನ ಪಟ್ಟಿಯಲ್ಲಿ ಹೆಸರಿಸಿದೆ. ಅಧ್ಯಾಪಕರು ಇದನ್ನು ತಿಳಿದಿರಬೇಕು. ಈ ರೋಗ ಹೊರಗೆ ಕಾಣುವುದಿಲ್ಲ. ಬೆಳಿಗ್ಗೆ ನಡೆದ ಕಾಲು ಮಧ್ಯಾಹ್ನ ನಡೆಯದಿರಬಹುದು, ಅದು ಸೋಮಾರಿತನವಲ್ಲ.

ನಮ್ಮ ಕಾಲೇಜಿನಲ್ಲಿ ಆ ವರ್ಷದ ಕೊನೆಯ ಪ್ರಯೋಗಗಳನ್ನು ಆ ವಿದ್ಯಾರ್ಥಿನಿಗೆ ನೆಲಮಹಡಿಯ ಕೋಣೆಯಲ್ಲಿ, ಬೆಳಗಿನ ಹೊತ್ತು, ಮಾಡಿಸಿದೆವು. ಅದಕ್ಕೆ ಕನ್ನಡಕ ಬೇಕಾಗಲಿಲ್ಲ, ಕಂಪ್ಯೂಟರೂ ಬೇಕಾಗಲಿಲ್ಲ. ಒಂದು ಮೇಜು ಮತ್ತು ರೋಹಿತಮಾಪಕವನ್ನು ಕೆಳಗಿಳಿಸಿದೆವು, ಅಷ್ಟೆ. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಆಕೆ ಹೇಳಿದ ಮಾತನ್ನು ನಾನು ನೆಪವೆಂದು ತಳ್ಳದೆ, ಒಂದು ವೀಕ್ಷಣೆಯೆಂದು ಬರೆದುಕೊಂಡಿದ್ದರೆ ಸಾಕಿತ್ತು.